ಮೇಣದ ನಡುವಿನ ನೂಲು

ನಮ್ಮ ಗಲ್ಲಿಯ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಮೇಣದಬತ್ತಿ ಮಾಡಿ ಮಾರುತ್ತಾಳೆ. ಅದರಲ್ಲೇ ಮಕ್ಕಳ ಶಾಲೆಯ ಖರ್ಚು ನಡೆಯಬೇಕು. ಕಳೆದ ಡಿಸೆಂಬರಿಗೆ ಮುಂಚೆ ಅವಳಿಗೆ ಇನ್ನೂರು ಬತ್ತಿಗಳ ಆರ್ಡರ್ ಬಂದಿತ್ತು. ಎಂದಿನ ಅಂಗಡಿಯಲ್ಲಿ ನೂಲು ಸಾಲದೇ ಹೋದುದರಿಂದ ಉಳಿದರ್ಧಕ್ಕೆ ಇನ್ನೊಂದು ಅಂಗಡಿಯ ನೂಲು ತಂದಳು. ನೋಡಲು ಎರಡೂ ಒಂದೇ ಬಿಳಿ ದಾರ, ಒಂದೇ ದಪ್ಪ. ಆದರೆ ಎರಡನೆಯ ನೂಲಿನ ಬತ್ತಿಗಳು ಹತ್ತಿಸಿದ ಸ್ವಲ್ಪ ಹೊತ್ತಿಗೇ ಹೊಗೆಯುಗುಳತೊಡಗಿದವು. ಕೊಂಡವರು ನೂರನ್ನು ವಾಪಸು ಕಳಿಸಿದರು.

"ಆಪಾ, ಮೇಣ ಅದೇ, ಅಚ್ಚು ಅದೇ, ಕೈಯೂ ನನ್ನದೇ. ನೂಲು ಮಾತ್ರ ಬೇರೆ. ಅಷ್ಟಕ್ಕೇ ಹೀಗಾಗುತ್ತದಾ?" ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕುತ್ತಾ ಹೋದಂತೆ ತಿಳಿದದ್ದು, ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮನುಷ್ಯನಿಗೆ ಶತಮಾನಗಳೇ ಬೇಕಾದವು ಎಂಬುದು.

ಮೊದಲು ಹೆಸರನ್ನೇ ನೋಡೋಣ. ಕನ್ನಡದಲ್ಲಿ ಮೇಣದಬತ್ತಿ, ಉರ್ದುವಿನಲ್ಲಿ ಮೋಮ್‌ಬತ್ತಿ. ಮೋಮ್ ಎಂದರೆ ಪಾರಸಿಯಲ್ಲಿ ಮೇಣ. ಬತ್ತಿ ಸಂಸ್ಕೃತದ 'ವರ್ತಿ'ಯಿಂದ ಬಂದದ್ದು. ಎರಡು ಭಾಷೆಗಳಲ್ಲೂ ಅದು ಮೇಣದಲ್ಲಿ ಅದ್ದಿದ ಬತ್ತಿಯೇ ಹೊರತು ಬತ್ತಿಯಿಟ್ಟ ಮೇಣವಲ್ಲ. ಉರ್ದು ಕವಿಗಳ ಪ್ರೀತಿಯ 'ಶಮಾ' ಅರಬಿಯಿಂದ ಬಂದದ್ದು. ಅಲ್ಲಿ ಅದರ ಮೂಲಾರ್ಥ ಮೇಣ. ಫ್ರೆಂಚರು ಮೇಣದಬತ್ತಿಗೆ 'ಬೂಜಿ' ಎನ್ನುತ್ತಾರೆ. ಅದು ಅಲ್ಜೀರಿಯಾದ ಕಡಲತೀರದ ಬಿಜಾಯ ಪಟ್ಟಣದ ಹೆಸರು. ಮಧ್ಯಯುಗದಲ್ಲಿ ಅಲ್ಲಿಂದ ಜೇನುಮೇಣ ಯುರೋಪಿಗೆ ಹಡಗು ಹತ್ತುತ್ತಿತ್ತು. ಅದೇ ಬಿಜಾಯದಲ್ಲಿ ಇಟಲಿಯ ಫಿಬೊನಾಚಿ ಎಂಬ ಹುಡುಗ ಭಾರತದ ಅಂಕಿಗಳನ್ನು ಕಲಿತ. 1202ರಲ್ಲಿ ಪುಸ್ತಕ ಬರೆದು ಅವುಗಳನ್ನು ಯುರೋಪಿಗೆ ಪರಿಚಯಿಸಿದ. ಹೀಗೆ ಮೇಣಕ್ಕೆ ಊರಿನ ಹೆಸರು ಸಿಕ್ಕಿತು, ಅಂಕಿಗಳಿಗೆ ಚರಿತ್ರೆ ಸಿಕ್ಕಿತು. ಬತ್ತಿಯ ನೂಲನ್ನು ಮಾತ್ರ ಯಾರೂ ನೆನಪಿಡಲಿಲ್ಲ.

ನೂಲಿನ ಮಹತ್ವ ಬಲ್ಲವನೊಬ್ಬ ಆ ಕಾಲದಲ್ಲೇ ಇದ್ದ. ಈಗಿನ ಟರ್ಕಿಯ ದಿಯಾರ್‌ಬಕಿರ್‌ನ ಅರಮನೆಯಲ್ಲಿ ಯಂತ್ರಶಿಲ್ಪಿಯಾಗಿದ್ದ ಅಲ್-ಜಝರಿ 1206ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಮೇಣದಬತ್ತಿಯ ಗಡಿಯಾರಗಳನ್ನು ವಿವರಿಸಿದ್ದಾನೆ. ಬತ್ತಿಯ ತಲೆಗೆ ತೂತುಳ್ಳ ಲೋಹದ ಮುಚ್ಚಳ. ತೂತಿನಿಂದ ನೂಲು ಹೊರಗೆ ಚಾಚಿ ಉರಿಯುತ್ತದೆ. ಕೆಳಗಿನಿಂದ ತೂಕದ ಗುಂಡು ರಾಟೆಯ ಮೂಲಕ ಬತ್ತಿಯನ್ನು ಮೇಲಕ್ಕೆ ದೂಡುತ್ತಿರುತ್ತದೆ. ಬತ್ತಿ ಉರಿದು ಸವೆದಷ್ಟೂ ಮೇಲೇರುತ್ತದೆ, ಆ ಚಲನೆಯೇ ಹೊತ್ತನ್ನು ತೋರಿಸುತ್ತದೆ. ಇಲ್ಲಿ ನೂಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದರೆ ಗಡಿಯಾರವೇ ಸುಳ್ಳು ಹೇಳುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಉರಿಯುತ್ತದೆಂದು ಮೊದಲೇ ಉರಿಸಿ ನೋಡಿದ ಬತ್ತಿಯನ್ನಲ್ಲದೆ ಬೇರೆಯದನ್ನು ಇಂಥ ಯಂತ್ರಕ್ಕೆ ಇಡುವಂತಿರಲಿಲ್ಲ.

ಆದರೆ ಬಡವರ ಮನೆಯಲ್ಲಿ ಜೇನುಮೇಣವೂ ಇರಲಿಲ್ಲ, ಹತ್ತಿಯ ನೂಲೂ ಇರಲಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಜೊಂಡುಹುಲ್ಲಿನ ಸಿಪ್ಪೆ ಸುಲಿದು, ತಿರುಳು ಬಾಗದಂತೆ ಒಂದೇ ಒಂದು ಪಟ್ಟಿ ಸಿಪ್ಪೆ ಉಳಿಸಿ, ಒಣಗಿಸಿ, ಅಡುಗೆಯ ಪಾತ್ರೆಯಲ್ಲಿ ತೇಲಿದ ಕೊಬ್ಬಿನಲ್ಲಿ ಅದ್ದಿ ಉರಿಸುತ್ತಿದ್ದರು. ಗಿಲ್ಬರ್ಟ್ ವೈಟ್ ಎಂಬ ಪಾದ್ರಿ 1789ರಲ್ಲಿ ಪ್ರಕಟಿಸಿದ ತನ್ನ ಸೆಲ್ಬೋರ್ನ್ ಊರಿನ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಒಂದು ಪೌಂಡು ಒಣಜೊಂಡಿನಲ್ಲಿ 1600ಕ್ಕೂ ಹೆಚ್ಚು ಎಳೆಗಳಿದ್ದವಂತೆ. ಅವನ್ನು ಕೊಯ್ದು ಸುಲಿಯುತ್ತಿದ್ದವರು ಹೆಂಗಸರು, ಮಕ್ಕಳು, ದುಡಿದು ಸೋತ ಮುದುಕರು.

ಮನೆಯಲ್ಲಿ ಬತ್ತಿ ಮಾಡುವುದು ಅಲ್ಲಿ ಒಂದು ಕಾಲದಲ್ಲಿ ಅಪರಾಧವೂ ಆಗಿತ್ತು. 1709ರಲ್ಲಿ ಸರಕಾರ ಮೇಣದಬತ್ತಿಗೆ ತೆರಿಗೆ ಹಾಕಿತು. ಪರವಾನಗಿಯಿಲ್ಲದೆ, ತೆರಿಗೆ ಕಟ್ಟದೆ ಮನೆಯಲ್ಲಿ ಬತ್ತಿ ಮಾಡಕೂಡದೆಂದಿತು. ಸಣ್ಣ ಜೊಂಡುಬತ್ತಿಗೆ ಮಾತ್ರ ವಿನಾಯಿತಿ. ತೆರಿಗೆ ರದ್ದಾದದ್ದು 1831ರಲ್ಲಿ. ನೂರಿಪ್ಪತ್ತೆರಡು ವರ್ಷ ಬಡವನಿಗೆ ತೆರಿಗೆಯಿಲ್ಲದ ಬೆಳಕು ಹುಲ್ಲಿನ ತಿರುಳಿನಿಂದಲೇ ಬಂತು.

ಶ್ರೀಮಂತರ ಬತ್ತಿಗೂ ಒಂದು ಕಾಟವಿತ್ತು. ಹೊಸೆದ ನೂಲು ಉರಿಯ ನಡುವೆ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಗಾಳಿ ಸಿಗುವುದಿಲ್ಲ. ಆದ್ದರಿಂದ ಅದು ಪೂರ್ತಿ ಸುಡದೆ ಕರಿಯಾಗಿ ಬೆಳೆಯುತ್ತದೆ, ಹೊಗೆ ಕಾರುತ್ತದೆ. ಮತ್ತೆ ಮತ್ತೆ ಎದ್ದು ಕತ್ತರಿಸಬೇಕು. ಉರ್ದುವಿನಲ್ಲಿ ಆ ಕರಿಗೆ 'ಗುಲ್' ಎನ್ನುತ್ತಾರೆ, ಅದನ್ನು ಕತ್ತರಿಸುವ ಕತ್ತರಿಗೆ 'ಗುಲ್‌ಗೀರ್'. ಯುರೋಪಿನ ನಾಟಕಶಾಲೆಗಳಲ್ಲಿ ಇದೇ ಕೆಲಸಕ್ಕೆ ಆಳುಗಳಿದ್ದರು.

ಬಿಡುಗಡೆ ಬಂದದ್ದು 1820ರ ದಶಕದಲ್ಲಿ. ಫ್ರಾನ್ಸಿನ ಕಾಂಬಾಸೆರೆಸ್ ಎಂಬಾತ ನೂಲನ್ನು ಹೊಸೆಯುವ ಬದಲು ಜಡೆಯಂತೆ ಹೆಣೆದ. ಮಗಳಿಗೆ ಬಿಗಿಯಾಗಿ ಜಡೆ ಹಾಕಿದ ಯಾವ ತಾಯಿಗಾದರೂ ಗೊತ್ತು, ಅದರ ತುದಿ ತಾನೇ ಒಂದು ಕಡೆಗೆ ಬಾಗುತ್ತದೆ. ಹೆಣೆದ ಬತ್ತಿಯೂ ಹಾಗೆಯೇ ಉರಿಯಿಂದ ಹೊರಗೆ ಬಾಗಿ, ಗಾಳಿ ಸಿಕ್ಕಿ, ಬೂದಿಯಾಗುತ್ತದೆ. ಗುಲ್‌ಗೀರಿನ ಕೆಲಸ ಮುಗಿಯಿತು. ಮುಂದಿನ ದಶಕದಲ್ಲಿ ಪ್ಯಾರಿಸಿನ ದ ಮಿಲಿ ನೂಲನ್ನು ಬೋರಿಕ್ ಆಮ್ಲದಲ್ಲಿ ನೆನೆಸತೊಡಗಿದ. ನಮ್ಮ ಹುಡುಗರು ಕೇರಂ ಬೋರ್ಡಿಗೆ ಹಾಕುವ ಪುಡಿ ಅದೇ. ಆಗ ಬೂದಿಯೂ ಕರಗಿ ತುದಿಯಿಂದ ಉದುರುತ್ತದೆ. ಇದೇ ಕಾಲದಲ್ಲಿ, 1825ರಲ್ಲಿ, ಶೆವ್ರೊಲ್ ಮತ್ತು ಗೇ-ಲುಸಾಕ್ ಎಂಬ ವಿಜ್ಞಾನಿಗಳು ಕೊಬ್ಬಿನಿಂದ ಗಟ್ಟಿಯಾದ ಸ್ಟಿಯರಿಕ್ ಆಮ್ಲ ತೆಗೆದು ಬತ್ತಿ ಮಾಡುವುದಕ್ಕೆ ಪೇಟೆಂಟ್ ಪಡೆದರು. ಹೊಸ ಮೇಣ, ಹೊಸ ನೂಲು ಎರಡೂ ಸೇರಿದಾಗಲೇ ಇಂದಿನ ಮೇಣದಬತ್ತಿ ಹುಟ್ಟಿತು.

ನಮ್ಮ ಹೆಣ್ಣುಮಗಳ ಪ್ರಶ್ನೆಗೆ ಬೇಕಾದ ವಿಜ್ಞಾನವನ್ನು ಮಕ್ಕಳಿಗೂ ತಿಳಿಯುವಂತೆ ಹೇಳಿದವನು ಮೈಕೆಲ್ ಫ್ಯಾರಡೆ. ಅವನು ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಬೆಳೆದವನು. ಲಂಡನ್ನಿನಲ್ಲಿ 1860ರ ಕ್ರಿಸ್‌ಮಸ್ ರಜೆಯಲ್ಲಿ ಅವನು ಒಂದು ಮೇಣದಬತ್ತಿಯನ್ನೇ ಮುಂದಿಟ್ಟುಕೊಂಡು ಆರು ಉಪನ್ಯಾಸ ಕೊಟ್ಟ. ಉಪ್ಪಿನ ಕಂಬವೊಂದರ ಬುಡಕ್ಕೆ ನೀಲಿ ಬಣ್ಣದ ಉಪ್ಪುನೀರು ಸುರಿದು, ಅದು ತಾನಾಗಿ ಮೇಲೇರುವುದನ್ನು ತೋರಿಸಿದ. ಕರಗಿದ ಮೇಣ ನೂಲಿನ ಎಳೆಗಳ ನಡುವೆ ಏರುವುದೂ ಹೀಗೆಯೇ. ಉರಿಯುವುದು ನಿಜವಾಗಿ ನೂಲಲ್ಲ, ಅದು ಎಳೆದುಕೊಂಡು ಬಂದ ಮೇಣದ ಆವಿ.

ಅಂದರೆ ಎಷ್ಟು ಮೇಣ ಕುಡಿಯಬೇಕೆಂದು ತೀರ್ಮಾನಿಸುವುದು ನೂಲು. ಕಡಿಮೆ ಕುಡಿದರೆ ಕರಗಿದ ಮೇಣದ ಹೊಂಡದಲ್ಲಿ ಉರಿ ಮುಳುಗಿ ಸಾಯುತ್ತದೆ. ಹೆಚ್ಚು ಕುಡಿದರೆ ಅಷ್ಟನ್ನೂ ಸುಡಲಾಗದೆ ಮಸಿ ಕಾರುತ್ತದೆ. ಎಳೆಗಳೆಷ್ಟು, ಹೆಣಿಗೆ ಎಷ್ಟು ಬಿಗಿ, ಯಾವುದರಲ್ಲಿ ನೆನೆಸಿದ್ದು ಎಂಬುದು ಒಬ್ಬೊಬ್ಬ ತಯಾರಕನಲ್ಲಿ ಒಂದೊಂದು ಥರ. ಒಬ್ಬನ ನಂಬರು ಇನ್ನೊಬ್ಬನ ನಂಬರಿಗೆ ಹೊಂದುವುದಿಲ್ಲ. ಕಣ್ಣಿಗೆ ಎರಡೂ ಬಿಳಿ ದಾರವೇ.

ಇನ್ನೊಂದು ಅಪಾಯವೂ ಉಂಟು. ನೂಲು ನೆಟ್ಟಗೆ ನಿಲ್ಲಲೆಂದು ಕೆಲವು ಬತ್ತಿಗಳ ಒಳಗೆ ಲೋಹದ ತಂತಿ ಇಡುತ್ತಾರೆ. ಹಿಂದೆ ಅದು ಸೀಸದ್ದೂ ಆಗಿರುತ್ತಿತ್ತು. ಉರಿದಾಗ ಸೀಸ ಗಾಳಿಗೆ ಸೇರುತ್ತದೆ, ಮಕ್ಕಳ ಮಿದುಳಿಗೆ ಅದು ವಿಷ. ಅಮೆರಿಕ ಇಂಥ ಬತ್ತಿಗಳನ್ನು 2003ರಲ್ಲಿ ನಿಷೇಧಿಸಿತು. ತಂತಿಯಿರುವ ನೂಲು ಸಿಕ್ಕರೆ ಅದನ್ನು ಬಿಡಿಸಿ ತಂತಿಯನ್ನು ಬಿಳಿ ಕಾಗದಕ್ಕೆ ಉಜ್ಜಿ ನೋಡಬೇಕು. ಪೆನ್ಸಿಲಿನಂತೆ ಬೂದುಗೆರೆ ಮೂಡಿದರೆ ಅದು ಸೀಸವಿರಬಹುದು, ಅಂಥದ್ದನ್ನು ಬಳಸಬಾರದು.

ಇದನ್ನೆಲ್ಲ ಅವಳಿಗೆ ಹೇಳಿದೆ. ಗಡಿಯಾರದ ಕತೆಯನ್ನು ಎರಡು ಸಲ ಹೇಳಿಸಿಕೊಂಡಳು. ಈಗ ಅವಳ ಬಳಿ ಮಗನ ಹಳೆಯ ನೋಟುಬುಕ್ಕೊಂದಿದೆ. ಹೊಸ ಉಂಡೆ ನೂಲು ತಂದಾಗಲೆಲ್ಲ ಮೊದಲು ಒಂದೇ ಒಂದು ಬತ್ತಿ ಮಾಡಿ, ಹತ್ತಿಸಿ, ಎಷ್ಟು ಹೊತ್ತಿಗೆ ಎಷ್ಟು ಬೆರಳು ಇಳಿಯಿತು, ಹೊಗೆ ಬಂತೇ, ಮೇಣ ಹೊಂಡವಾಯಿತೇ ಎಂದು ಬರೆದಿಡುತ್ತಾಳೆ. ಯಾವ ಅಂಗಡಿಯದು, ಯಾವ ತಾರೀಖಿನದು ಎಂಬುದೂ ಅದರಲ್ಲಿದೆ. ಬರಹ ಅರ್ಧ ಉರ್ದು, ಅರ್ಧ ಕನ್ನಡ.

ಜೊಂಡು ಸುಲಿದ ಹೆಂಗಸರಿಗೂ ಯಾವ ಎಳೆ ಚೆನ್ನಾಗಿ ಉರಿಯುತ್ತದೆಂದು ಖಂಡಿತ ಗೊತ್ತಿತ್ತು. ಬರೆದಿಡಲು ಅವರಿಗೆ ಅಕ್ಷರವಿರಲಿಲ್ಲ, ಪಾದ್ರಿಯೊಬ್ಬ ಬರೆದದ್ದರಿಂದ ಒಂದಿಷ್ಟು ಉಳಿಯಿತು. ನಮ್ಮ ಗಲ್ಲಿಯ ನೂಲಿನ ಲೆಕ್ಕವನ್ನು ಅದನ್ನು ಬಳಸುವವಳೇ ಬರೆಯುತ್ತಿದ್ದಾಳೆ. ಕಳೆದ ವಾರ ಹೋದಾಗ ನಾಲ್ಕನೆಯ ಪುಟದಲ್ಲಿದ್ದಳು.