ರೀಫಿಲ್‌ನಷ್ಟು ದಪ್ಪದ ನಾಳ, ನೂರೈವತ್ತು ವರ್ಷದ ಕಥೆ

📍 ಶಿವಾಜಿನಗರದಿಂದ ಹಳೇ ಏರ್‌ಪೋರ್ಟ್ ರಸ್ತೆವರೆಗೆ

1/6
ಶಿವಾಜಿನಗರದಲ್ಲಿ ಬಸ್ ಇಳಿದು ಬೌರಿಂಗ್ ಆಸ್ಪತ್ರೆ ಮುಂದೆ ಎಷ್ಟು ಸಲ ಹಾದುಹೋಗಿದ್ದೀರಿ? ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೆಂಥಮ್ ಬೌರಿಂಗ್ ಹೆಸರಿನ ಈ ಆಸ್ಪತ್ರೆ ಶುರುವಾಗಿದ್ದು 1868ರಲ್ಲಿ. ಆಗ ಹೊಟ್ಟೆ ಕೊಯ್ಯೋದು ಅಂದ್ರೆ ಜಗತ್ತಿನ ಎಲ್ಲೇ ಆಗಲಿ ಪ್ರಾಣದ ಪ್ರಶ್ನೆ. ರಕ್ತಸ್ರಾವ, ನಂಜು ಎರಡನ್ನೂ ದಾಟಿ ಉಳಿದವರಿಗೂ ಇನ್ನೊಂದು ಗಂಡಾಂತರ ಕಾದಿರ್ತಿತ್ತು. ಅದರ ಹೆಸರು ಯುರೇಟರ್.

2/6
ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ನಾಳ ಇದು. ಉದ್ದ ಸುಮಾರು 25 ಸೆಂ.ಮೀ., ದಪ್ಪ ಪೆನ್ನಿನ ರೀಫಿಲ್‌ನಷ್ಟು. ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡು ಹೋಗುತ್ತೆ, ಹಾಗಾಗಿ ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಬೌರಿಂಗ್ ಶುರುವಾದ ಹೊತ್ತಿನಲ್ಲೇ ಜರ್ಮನಿಯ ಒಬ್ಬ ಹೆಂಗಸಿಗೆ ಅಂಡಾಶಯದ ಗಡ್ಡೆ ತೆಗೆಯುವಾಗ ಈ ನಾಳಕ್ಕೆ ಪೆಟ್ಟಾಯ್ತು. ಮೂತ್ರ ಸೋರೋದು ನಿಲ್ಲಲೇ ಇಲ್ಲ. 1869ರಲ್ಲಿ ಹೈಡೆಲ್‌ಬರ್ಗ್‌ನ ಗುಸ್ತಾವ್ ಸೈಮನ್, ಬೇರೆ ದಾರಿ ಕಾಣದೆ, ಆ ಕಡೆಯ ಕಿಡ್ನಿಯನ್ನೇ ತೆಗೆದ. ಆಕೆ ಬದುಕಿದಳು. ಆದ್ರೆ ಬೆಲೆ ನೋಡಿ: ಒಂದು ನಾಳಕ್ಕೆ ಒಂದು ಕಿಡ್ನಿ!

3/6
ಕಾಣದ್ದನ್ನ ಕಾಪಾಡೋದು ಹೇಗೆ? ಉತ್ತರ ಹಂತಹಂತವಾಗಿ ಬಂತು. 1877ರಲ್ಲಿ ಮ್ಯಾಕ್ಸ್ ನಿಟ್ಜೆ ಮೂತ್ರಚೀಲದೊಳಗೆ ಬೆಳಕು ಬಿಟ್ಟು ನೋಡುವ ಸಿಸ್ಟೊಸ್ಕೋಪ್ ತೋರಿಸಿದ. 1978ರಲ್ಲಿ ರಾಯ್ ಫಿನ್ನಿ ಡಬಲ್-ಜೆ ಸ್ಟೆಂಟ್ ತಂದ. ಮೆತ್ತನೆ ಕೊಳವೆ, ಎರಡೂ ತುದಿ ಕೊಕ್ಕೆ: ಒಂದು ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ. ಸುಲಭಕ್ಕೆ ಜಾರಲ್ಲ.

4/6
ಇದಾದ ಎರಡೇ ವರ್ಷಕ್ಕೆ, 1980ರಲ್ಲಿ, ಅಮೆರಿಕದ ಲೂಯಿವಿಲ್‌ನಲ್ಲಿ ಜಾನ್ ಸ್ಪ್ರಾಟ್ ಹೊಟ್ಟೆಯೊಳಗೆ ಹರಡಿದ ಗಡ್ಡೆ ತೆಗೆದು, ಬಿಸಿ ಕೀಮೋ ದ್ರವ ಹರಿಸಿದ್ದನ್ನ ವರದಿ ಮಾಡಿದರು. ಅದೇ ಇವತ್ತಿನ ಹೈಪೆಕ್. ಮೊದಲು ಕಾಣುವ ಗಡ್ಡೆಯೆಲ್ಲ ಕೆರೆದು ತೆಗೀತಾರೆ, ಆಮೇಲೆ 41ರಿಂದ 43 ಡಿಗ್ರಿ ಬಿಸಿಯ ಔಷಧಿಯನ್ನ ಸಾಮಾನ್ಯವಾಗಿ 60ರಿಂದ 90 ನಿಮಿಷ ಸುತ್ತಿಸ್ತಾರೆ. ನಮ್ಮೂರಲ್ಲಿ, ಇಂದಿರಾನಗರದ ಮಗ್ಗುಲಲ್ಲೇ ಇರುವ ಹಳೇ ಏರ್‌ಪೋರ್ಟ್ ರಸ್ತೆಯ ಮಣಿಪಾಲ್ ಆಸ್ಪತ್ರೆಯಲ್ಲಿ ಡಾ. ಎಸ್.ಪಿ. ಸೋಮಶೇಖರ್ ಅವರ ತಂಡ 2010ರ ದಶಕದಲ್ಲಿ ಇದನ್ನ ಮಾಡಿ, ಫಲಿತಾಂಶಗಳನ್ನೂ ಪ್ರಕಟಿಸಿತು.

5/6
ಇಲ್ಲಿ ಹಳೇ ಗಂಡಾಂತರ ದುಪ್ಪಟ್ಟಾಗುತ್ತೆ. ಗಡ್ಡೆ ಯುರೇಟರ್‌ಗೆ ಅಂಟಿದ್ರೆ ಬಿಡಿಸುವಾಗ ಪೆಟ್ಟಾಗಬಹುದು. ಕೀಮೋ ಬಿದ್ದ ಗಾಯ ಬೇಗ ಮಾಯಲ್ಲ, ಸೋರಿಕೆ ಕೆಲವು ದಿನ ಬಿಟ್ಟು ಗೊತ್ತಾಗೋದೂ ಉಂಟು. ಜೊತೆಗೆ ಸಿಸ್ಪ್ಲಾಟಿನ್ ಔಷಧಿ ಕಿಡ್ನಿಗೇ ಭಾರ. ಅದಕ್ಕೇ ಧಾರಾಳವಾಗಿ ದ್ರವ ಕೊಡೋದು, ಮೂತ್ರದ ಲೆಕ್ಕ ಗಂಟೆಗಂಟೆಗೆ ಬರೆಯೋದು, ಕೆಲವು ಕಡೆ ಸೋಡಿಯಂ ಥಯೋಸಲ್ಫೇಟ್ ರಕ್ಷಣೆ.
ಹಾಗಾದ್ರೆ ಎಲ್ಲರಿಗೂ ಮೊದಲೇ ಸ್ಟೆಂಟ್ ಹಾಕಿಬಿಡೋದಾ? ವೈದ್ಯರಲ್ಲೇ ಒಮ್ಮತ ಇಲ್ಲ. ಸ್ಟೆಂಟ್ ಇದ್ರೆ ನಾಳ ಕೈಗೆ ಸಿಗುತ್ತೆ, ಪೆಟ್ಟಾದ್ರೆ ಅಲ್ಲೇ ಗೊತ್ತಾಗುತ್ತೆ. ಆದ್ರೆ ಪೆಟ್ಟೇ ಆಗಲ್ಲ ಅನ್ನೋ ಗ್ಯಾರಂಟಿ ಇಲ್ಲ. ಸೋಂಕು, ಮೂತ್ರದಲ್ಲಿ ರಕ್ತ, ಉರಿ ಕೂಡ ಬರಬಹುದು. ಹಾಗಾಗಿ ಸ್ಕ್ಯಾನ್ ನೋಡಿ, ರೋಗಿ ನೋಡಿ ತೀರ್ಮಾನ.

6/6
1869ರಲ್ಲಿ ಕಿಡ್ನಿ ಹೋಯ್ತು. ಇವತ್ತು ಹರಿದ ನಾಳವನ್ನ ಹೊಲಿದು, ಒಳಗೆ ಸ್ಟೆಂಟ್ ಇಟ್ಟು, ಎಷ್ಟೋ ಸಲ ಕಿಡ್ನಿ ಉಳಿಸ್ತಾರೆ. ಆದ್ರೆ ಕೊನೇ ಕೆಲಸ ನಮ್ಮದು, ಮನೆಯವರದು. ಸ್ಟೆಂಟ್ ತಾನಾಗೇ ಕರಗಿಹೋಗಲ್ಲ. ತೆಗೆಸೋದು ಮರೆತ್ರೆ ಅದರ ಮೇಲೆ ಕಲ್ಲು ಕಟ್ಟುತ್ತೆ, ಉಳಿಸಿಕೊಂಡ ಕಿಡ್ನಿಗೇ ಕುತ್ತು. ನಿಮ್ಮಜ್ಜಿಗೋ ಚಿಕ್ಕಪ್ಪನಿಗೋ ಸ್ಟೆಂಟ್ ಹಾಕಿದ್ರೆ ಡಿಸ್ಚಾರ್ಜ್ ದಿನವೇ ಕೇಳಿ: "ಡಾಕ್ಟ್ರೇ, ಇದನ್ನ ತೆಗೆಸೋದು ಯಾವತ್ತು?" ಆ ತಾರೀಖನ್ನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಸೇವ್ ಮಾಡ್ಕೊಳ್ಳಿ, ಮನೆ ಗ್ರೂಪಿಗೂ ಕಳಿಸಿ. 🙏
#ನಮ್ಮಬೆಂಗಳೂರು #ಕಂಟೋನ್ಮೆಂಟ್ #ವೈದ್ಯಚರಿತ್ರೆ