ಕಣ್ಣ ಕೆಳಗಿನ ಕಪ್ಪು, ಗುಳಿ ಮತ್ತು ಸೂಜಿ

ರೋಣ, ನರಗುಂದ, ಗಜೇಂದ್ರಗಡದ ಕಡೆ ‘ಕಣ್ಣ ಕೆಳಗ ಕಪ್ಪ ಆಗೇತಿ’ ಎಂಬ ಮಾತು ಹೊಸದಲ್ಲ. ಹಿಂದೆ ಅದಕ್ಕೆ ಮನೆಯ ಹಿರಿಯರು ಹೇಳುತ್ತಿದ್ದ ಮದ್ದು ನಿದ್ದೆ, ಹೊಟ್ಟೆತುಂಬ ಊಟ, ಹೆಚ್ಚೆಂದರೆ ಒಂದಿಷ್ಟು ಲೋಳೆಸರ. ಈಗ ಅದೇ ಮಾತನ್ನು ಮೊಬೈಲಿನಲ್ಲಿ ಹುಡುಕಿದರೆ ಫಿಲ್ಲರ್ ಎಂಬ ಉತ್ತರ ಬರುತ್ತದೆ. ಕಣ್ಣಿನ ಕೆಳಗೆ ಸೂಜಿಯಲ್ಲಿ ಜೆಲ್ ತುಂಬಿಸಿಕೊಳ್ಳಿ, ಅರ್ಧ ಗಂಟೆಯ ಕೆಲಸ ಎನ್ನುತ್ತವೆ ಜಾಹೀರಾತುಗಳು. ದೊಡ್ಡ ಊರಿನ ಕ್ಲಿನಿಕ್ಕಿನ ಜಾಹೀರಾತು ತಾಲ್ಲೂಕಿನ ಗಡಿಗೆ ಬಂದು ನಿಲ್ಲುವುದಿಲ್ಲ. ಮದುವೆ ಗೊತ್ತಾದ ಹುಡುಗಿಯ ಕೈಯಲ್ಲಿರುವ ಫೋನಿಗೇ ಬಂದು ಕೂರುತ್ತದೆ. ಆ ಅರ್ಧ ಗಂಟೆಯ ಹಿಂದೆ ನೂರಮೂವತ್ತು ವರ್ಷಗಳ ಚರಿತ್ರೆಯಿದೆ. ಸೂಜಿಗೆ ಮುಖ ಒಡ್ಡುವ ಮೊದಲು ಅದನ್ನು ತಿಳಿದುಕೊಳ್ಳುವ ಹಕ್ಕು ಆ ಹುಡುಗಿಗೂ ಇದೆ.

ಮುಖದ ಗುಳಿಯನ್ನು ತುಂಬುವ ಪ್ರಯತ್ನ ಶುರುವಾದದ್ದೇ ಕಣ್ಣಿನ ಹತ್ತಿರ. 1893ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಗುಸ್ತಾವ್ ನಾಯ್‌ಬರ್ ರೋಗಿಯ ತೋಳಿನಿಂದ ಸಣ್ಣ ಕೊಬ್ಬಿನ ತುಣುಕುಗಳನ್ನು ತೆಗೆದು, ಮೂಳೆಯ ಸೋಂಕಿನಿಂದ ಕಣ್ಣಿನ ಕೆಳಗೆ ಉಳಿದಿದ್ದ ಗುಳಿಬಿದ್ದ ಗಾಯದ ಗುರುತನ್ನು ತುಂಬಿದರು. ಅದು ರೋಗಕ್ಕೆ ಮಾಡಿದ ಚಿಕಿತ್ಸೆ. ಅಂದಕ್ಕಾಗಿ ತುಂಬುವ ಆಸೆ ಬೆನ್ನಲ್ಲೇ ಬಂತು. 1899ರಲ್ಲಿ ವಿಯೆನ್ನಾದ ರಾಬರ್ಟ್ ಗೆರ್ಸುನಿ ಪ್ಯಾರಾಫಿನ್ ಮೇಣವನ್ನು ಕರಗಿಸಿ ಚುಚ್ಚುವ ವಿಧಾನ ತಂದರು. ಯುರೋಪು, ಅಮೆರಿಕ ಎರಡೂ ಕಡೆ ಅದು ಹಬ್ಬಿತು. ಆಮೇಲೆ ಚರ್ಮದಡಿ ಮೇಣ ಗಂಟುಗಟ್ಟಿತು, ಜಾರಿತು, ಹುಣ್ಣಾಯಿತು; ಕೆಲವರು ದೃಷ್ಟಿಯನ್ನೂ ಕಳೆದುಕೊಂಡರು. ಎರಡು ದಶಕಗಳಲ್ಲಿ ಪಾಶ್ಚಾತ್ಯ ವೈದ್ಯರು ಅದನ್ನು ಕೈಬಿಟ್ಟರು. ಮುಂದೆ ಬಂದ ದ್ರವ ಸಿಲಿಕೋನ್ ಕೂಡ ಇದೇ ಹಾದಿ ಹಿಡಿಯಿತು. 1981ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ದನದ ಚರ್ಮದಿಂದ ತೆಗೆದ ಕೊಲಾಜನ್ನಿಗೆ ಒಪ್ಪಿಗೆ ಕೊಟ್ಟಿತು. ಅಲರ್ಜಿಯ ಭಯದಿಂದ ಮೊದಲು ತೋಳಿಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಿತ್ತು, ಅಷ್ಟು ಮಾಡಿದರೂ ಕೆಲವೇ ತಿಂಗಳಲ್ಲಿ ಅದು ಕರಗಿಹೋಗುತ್ತಿತ್ತು.

ಇಂದಿನ ಫಿಲ್ಲರ್‌ನ ಮೂಲವಸ್ತು ಸಿಕ್ಕಿದ್ದೂ ಕಣ್ಣಿನಲ್ಲೇ. 1934ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣುಗುಡ್ಡೆಯೊಳಗಿನ ಲೋಳೆಯಿಂದ ಹಯಾಲುರಾನಿಕ್ ಆಮ್ಲವನ್ನು ಬೇರ್ಪಡಿಸಿದರು. ನಮ್ಮ ಚರ್ಮ, ಕೀಲುಗಳಲ್ಲೂ ಇರುವ ಇದು ನೀರನ್ನು ಹಿಡಿದಿಟ್ಟುಕೊಳ್ಳುವ ಪದಾರ್ಥ. ಅದನ್ನು ಜೆಲ್ ಮಾಡಿ 1996ರಲ್ಲಿ ಯುರೋಪಿನ ಮಾರುಕಟ್ಟೆಗೆ ತಂದದ್ದು ರೆಸ್ಟಿಲೇನ್. 2003ರ ಡಿಸೆಂಬರಿನಲ್ಲಿ ಎಫ್‌ಡಿಎ ಅದಕ್ಕೆ ಅನುಮತಿ ಕೊಟ್ಟಿತು. ಈ ಜೆಲ್ಲಿಗೊಂದು ದೊಡ್ಡ ಅನುಕೂಲವಿದೆ. ಬೇಡವೆನಿಸಿದರೆ ಹಯಾಲುರೊನಿಡೇಸ್ ಎಂಬ ಕಿಣ್ವ ಚುಚ್ಚಿ ಅದನ್ನು ಕರಗಿಸಬಹುದು. ನಮ್ಮ ಕಣ್ಣಿನ ಆಸ್ಪತ್ರೆಗಳಲ್ಲಿ ಪೊರೆ ಆಪರೇಷನ್ನಿಗೆ ಮೊದಲು ಕೊಡುವ ಅರಿವಳಿಕೆಯಲ್ಲಿ ಬೆರೆಸುವುದೂ ಇದೇ ಕಿಣ್ವವನ್ನು.

ಆದರೆ 2003ರ ಆ ಅನುಮತಿ ಇದ್ದದ್ದು ಮೂಗಿನ ಬದಿಯಿಂದ ಬಾಯಿಯ ಕಡೆ ಇಳಿಯುವ ಗೆರೆಗಳಿಗೆ; ಕಣ್ಣಿನ ಕೆಳಗಿನ ಗುಳಿಗೆಂದೇ ಎಫ್‌ಡಿಎ ಮೊದಲು ಒಪ್ಪಿಗೆ ಕೊಟ್ಟದ್ದು 2022ರಲ್ಲಿ, ಜುವೆಡರ್ಮ್ ವೋಲ್ಬೆಲ್ಲಾಕ್ಕೆ. ಮರುವರ್ಷ ರೆಸ್ಟಿಲೇನ್ ಐಲೈಟ್ ಸೇರಿತು. ನಡುವಿನ ಹದಿನೆಂಟು ವರ್ಷ ಈ ಜಾಗಕ್ಕೆ ಜೆಲ್ ಚುಚ್ಚಿಸಿಕೊಂಡವರು ವೈದ್ಯರ ಸ್ವಂತ ವಿವೇಚನೆಯನ್ನೇ ನಂಬಿ ಮುಖ ಒಡ್ಡಿದವರು. ಪಳಗಿದ ಕೈ, ಸರಿಯಾಗಿ ಆರಿಸಿದ ರೋಗಿ ಇದ್ದಲ್ಲಿ ಫಲಿತಾಂಶ ಚೆನ್ನಾಗಿಯೇ ಬಂದಿದೆ, ಅದನ್ನು ಮುಚ್ಚಿಡಬೇಕಿಲ್ಲ. ಮುಚ್ಚಿಡಬಾರದ ಇನ್ನೊಂದು ಮುಖವೂ ಇದೆ.

ಕಣ್ಣಿನ ಕೆಳಗಿನ ಚರ್ಮ ದೇಹದಲ್ಲೇ ಅತಿ ತೆಳು, ಅದರಡಿ ಕೊಬ್ಬಿನ ಪದರ ಇಲ್ಲವೆನ್ನುವಷ್ಟು ಕಡಿಮೆ. ಜೆಲ್ ತುಸು ಮೇಲೆ ಕೂತರೂ ಬೆಳಕು ಚದುರಿ ಚರ್ಮ ನೀಲಿಯಾಗಿ ಕಾಣುತ್ತದೆ. ಕಪ್ಪು ಕಳೆಯಲು ಹೋದವರು ನೀಲಿ ಹೊತ್ತು ಬರುತ್ತಾರೆ. ಜೆಲ್ ನೀರು ಎಳೆದುಕೊಳ್ಳುವುದರಿಂದ ಬೆಳಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊತ, ಚೀಲದಂಥ ಉಬ್ಬು. ಆರೆಂಟು ತಿಂಗಳು, ವರ್ಷದಲ್ಲಿ ಕರಗುತ್ತದೆಂದು ಹೇಳುತ್ತಿದ್ದ ಜೆಲ್ ಈ ಜಾಗದಲ್ಲಿ ಹಲವು ವರ್ಷ ಉಳಿದದ್ದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಸೋಂಕು ಬಂದಾಗಲೋ ಲಸಿಕೆ ಪಡೆದಾಗಲೋ ಹಳೆಯ ಫಿಲ್ಲರ್ ಇರುವ ಕಡೆ ತಟ್ಟನೆ ಊದಿಕೊಳ್ಳುವುದೂ ಉಂಟು. 2020ರಲ್ಲಿ ಮಾಡೆರ್ನಾ ಕೋವಿಡ್ ಲಸಿಕೆಯ ಪ್ರಯೋಗದಲ್ಲಿ ಕೆಲವರಿಗೆ ಹಾಗಾದದ್ದು ಸುದ್ದಿಯಾಗಿತ್ತು.

ಇವೆಲ್ಲ ಸರಿಪಡಿಸಬಹುದಾದ ತೊಂದರೆಗಳು. ಸರಿಪಡಿಸಲಾಗದ್ದು ದೃಷ್ಟಿನಾಶ. ಮುಖದ ರಕ್ತನಾಳಗಳು ಕಣ್ಣಿನ ಒಳಗಿನ ನಾಳಗಳೊಂದಿಗೆ ಕೂಡಿಕೊಂಡಿವೆ. ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯ ಬಳಿ ಹರಿಯುವ ನಾಳದೊಳಕ್ಕೆ ಸೂಜಿಯ ಮೊನೆ ಹೊಕ್ಕು, ಒತ್ತಡದಿಂದ ಜೆಲ್ ನುಗ್ಗಿದರೆ ಅದು ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಸಾಗಿ ರೆಟಿನಾದ ನಾಳವನ್ನು ಮುಚ್ಚಿಬಿಡಬಹುದು. 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಅದುವರೆಗೆ ಜಗತ್ತಿನಾದ್ಯಂತ ವರದಿಯಾಗಿದ್ದ ಇಂಥ 98 ಪ್ರಕರಣಗಳನ್ನು ಒಟ್ಟುಮಾಡಿತು; ಸುಮಾರು ಅರ್ಧದಷ್ಟಕ್ಕೆ ಕಾರಣ ರೋಗಿಯದೇ ಕೊಬ್ಬು. ಅದೇ ವರ್ಷ ಎಫ್‌ಡಿಎ ಕೂಡ ಎಚ್ಚರಿಕೆ ಹೊರಡಿಸಿತು. 2019ರ ಮುಂದುವರಿದ ವಿಮರ್ಶೆಯಲ್ಲಿ ಇನ್ನೂ 48 ಪ್ರಕರಣ ಸೇರಿದವು, ಅವುಗಳಲ್ಲಿ ನೂರಕ್ಕೆ 81ರಷ್ಟು ಹಯಾಲುರಾನಿಕ್ ಆಮ್ಲದವು. ಲಕ್ಷಾಂತರ ಚುಚ್ಚುಮದ್ದುಗಳ ನಡುವೆ ಇದು ಅಪರೂಪ, ನಿಜ. ಆದರೆ ರೆಟಿನಾ ರಕ್ತವಿಲ್ಲದೆ ಬದುಕುವುದು ಸುಮಾರು ಒಂದೂವರೆ ಗಂಟೆ. ಅದಕ್ಕಿಂತ ಬೇಗ ಸಾಯುತ್ತದೆ ಎನ್ನುವವರೂ ಇದ್ದಾರೆ. ಕಿಣ್ವ ಚುಚ್ಚಿದರೂ ಹೋದ ದೃಷ್ಟಿ ಮರಳುತ್ತದೆಂಬ ಖಾತ್ರಿಯಿಲ್ಲ.

ಇಲ್ಲಿ ನಕ್ಷೆ ಬಿಡಿಸಿ ನೋಡಬೇಕು. ನರಗುಂದದಿಂದ ಹುಬ್ಬಳ್ಳಿಗೆ ಒಂದು ಗಂಟೆಯ ಮೇಲೆ ಬೇಕು. ಗಜೇಂದ್ರಗಡದಿಂದ ಹೊರಟರೆ ಗದಗ ದಾಟಿ ಹುಬ್ಬಳ್ಳಿ ಸೇರುವಷ್ಟರಲ್ಲಿ ಎರಡು ಗಂಟೆ ಮೀರುತ್ತದೆ. ರೆಟಿನಾ ತಜ್ಞರಿರುವ ದೊಡ್ಡ ಕಣ್ಣಾಸ್ಪತ್ರೆಗಳು ಇರುವುದು ಅಲ್ಲಿ. ಆದ್ದರಿಂದ ತಾಲ್ಲೂಕು ಊರಿನ ಪಾರ್ಲರಿನಲ್ಲೋ, ಎರಡು ದಿನದ ‘ಕ್ಯಾಂಪ್’ ಹಾಕಿದವರ ಬಳಿಯೋ ಯಾರೂ ಕಣ್ಣಿನ ಕೆಳಗೆ ಸೂಜಿ ಹಾಕಿಸಿಕೊಳ್ಳಕೂಡದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಯುವ ಕಿರುತೆರೆ ನಟಿಯೊಬ್ಬರು ತೀರಿಕೊಂಡದ್ದು ಬೆಂಗಳೂರಿನಲ್ಲಿ. ಅದು ಫಿಲ್ಲರ್ ಅಲ್ಲ, ಆದರೂ ಅಂದದ ಚಿಕಿತ್ಸೆಯೂ ಪೂರ್ತಿ ವೈದ್ಯಕೀಯ ಸಿದ್ಧತೆ ಕೇಳುತ್ತದೆಂಬುದನ್ನು ನಾಡಿಗೆಲ್ಲ ನೆನಪಿಸಿತು.

ಇದಕ್ಕಿಂತ ಮೂಲಭೂತವಾದ ಪ್ರಶ್ನೆ ಇನ್ನೊಂದಿದೆ. ಫಿಲ್ಲರ್ ತುಂಬುವುದು ಗುಳಿಯನ್ನು. ನಮ್ಮವರ ಕಣ್ಣಿನ ಕೆಳಗಿರುವುದು ಗುಳಿಯೇ? ಭಾರತೀಯ ಚರ್ಮದಲ್ಲಿ ಬಹುಪಾಲು ಕಪ್ಪು ವರ್ಣದ್ರವ್ಯದ್ದು: ವಂಶದಿಂದ ಬಂದದ್ದು, ಇಲ್ಲವೇ ತುರಿಕೆ, ಉಜ್ಜಾಟದಿಂದ ಆದದ್ದು. ಅಲರ್ಜಿ ನೆಗಡಿ, ಎರಿ ಹೊಲದ ದೂಳು, ಮೆಣಸಿನಕಾಯಿಯ ಘಾಟು, ಬೇಸಿಗೆಯ ಬಿಸಿಲು ಇರುವ ಕಡೆ ಕಣ್ಣುಜ್ಜುವುದು ದಿನದ ಅಭ್ಯಾಸ. ಇದಕ್ಕೆ ಜೆಲ್ ಚುಚ್ಚಿದರೆ ದುಡ್ಡು ಹೋಗುತ್ತದೆ, ಕಪ್ಪು ಉಳಿಯುತ್ತದೆ. ಮನೆಯಲ್ಲೇ ನೋಡಿಕೊಳ್ಳಲು ಒಂದು ದಾರಿಯಿದೆ. ಕನ್ನಡಿಯ ಮುಂದೆ ಮುಖವೆತ್ತಿ ಬೆಳಕಿಗೆ ಹಿಡಿದಾಗ ಕಪ್ಪು ಮಾಯವಾದರೆ ಅದು ಗುಳಿಯ ನೆರಳು. ಚರ್ಮವನ್ನು ಮೆಲ್ಲಗೆ ಎಳೆದಾಗಲೂ ಬಣ್ಣ ಹಾಗೇ ಇದ್ದರೆ ವರ್ಣದ್ರವ್ಯ. ಎರಡೂ ಬೆರೆತಿರುವುದು ಸಾಮಾನ್ಯ, ಕೊನೆಯ ಮಾತು ಚರ್ಮವೈದ್ಯರದೇ.

ಪರ್ಯಾಯಗಳು ಇಲ್ಲಿಂದ ಹುಟ್ಟಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಮುಖ ಬಿಳಿಚಿಕೊಂಡಷ್ಟೂ ಕಣ್ಣಿನ ಕೆಳಗಿನ ಕಪ್ಪು ಎದ್ದು ಕಾಣುತ್ತದೆ. ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಾಗಲಿ, ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಹಿಮೋಗ್ಲೋಬಿನ್ ನೋಡಿಸಿಕೊಳ್ಳುವುದು ಮೊದಲ ಹೆಜ್ಜೆ. ಅಲರ್ಜಿಗೆ ಔಷಧ, ಉಜ್ಜುವ ಚಟಕ್ಕೆ ತಡೆ, ಬಿಸಿಲಿಗೆ ಸೆರಗು, ಟೋಪಿ, ಸನ್‌ಸ್ಕ್ರೀನ್, ನಿದ್ದೆ. ಇವು ನಿಧಾನ, ಆದರೆ ಕಣ್ಣು ಕಳೆಯುವುದಿಲ್ಲ. ವೈದ್ಯರ ಉಸ್ತುವಾರಿಯಲ್ಲಿ ರೆಟಿನಾಲ್, ವಿಟಮಿನ್ ಸಿ ಲೇಪ, ಹಗುರ ಪೀಲ್, ಲೇಸರ್ ಕೆಲವರಿಗೆ ಒಗ್ಗುತ್ತವೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಮಾತ್ರ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಬಿಳುಪಿನ ಕ್ರೀಮು ನನಗೆ ಫಿಲ್ಲರ್‌ನಷ್ಟೇ ಆತಂಕ ತರುವ ಸಂಗತಿ, ಏಕೆಂದರೆ ಅದು ಹಳ್ಳಿಹಳ್ಳಿಗೂ ಮುಟ್ಟಿದೆ. ಅವುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ; ಕಣ್ಣಿನ ಸುತ್ತ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಸವೆಯುವುದರ ಜೊತೆಗೆ ಗ್ಲಾಕೋಮಾ, ಪೊರೆ ಬರುವ ಅಪಾಯವಿದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದಿತು. ಪಾದರಸವಿದ್ದ ಕ್ರೀಮುಗಳಿಂದ ಮೂತ್ರಪಿಂಡ ಕೆಟ್ಟವರು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಪತ್ತೆಯಾದರು.

ನಿಜವಾದ ಗುಳಿ, ಚೀಲ ಇದ್ದವರಿಗೆ ಶಸ್ತ್ರಚಿಕಿತ್ಸೆಯ ದಾರಿ ಹಳೆಯದು, ಪರೀಕ್ಷೆಗೊಳಗಾದದ್ದು. ಪ್ಯಾರಿಸ್ಸಿನ ಜೂಲಿಯನ್ ಬೂರ್ಗೆ 1924ರಲ್ಲೇ ರೆಪ್ಪೆಯ ಒಳಬದಿಯಿಂದ ಕೊಬ್ಬು ತೆಗೆಯುವ ಕ್ರಮ ವಿವರಿಸಿದ್ದರು. 1981ರಲ್ಲಿ ಬ್ರೆಜಿಲ್‌ನ ರಾವುಲ್ ಲೋಬ್ ಆ ಕೊಬ್ಬನ್ನು ಎಸೆಯದೆ ಗುಳಿಗೇ ಸರಿಸಿ ಕೂರಿಸುವ ವಿಧಾನ ತೋರಿಸಿದರು. ಹೊರಗಿನ ವಸ್ತುವೇ ಬೇಡ. ಇದಕ್ಕೂ ಅಪಾಯವಿದೆ: 2004ರ ಅಮೆರಿಕದ ಒಂದು ಸಮೀಕ್ಷೆಯಂತೆ ಕಣ್ಣಿನ ಹಿಂದೆ ರಕ್ತಸ್ರಾವ ಸುಮಾರು 2,000ಕ್ಕೆ ಒಂದು, ಶಾಶ್ವತ ದೃಷ್ಟಿನಾಶ ಸುಮಾರು 22,000ಕ್ಕೆ ಒಂದು. ನಮ್ಮದೇ ರಕ್ತದಿಂದ ತೆಗೆದು ಚುಚ್ಚುವ ಪಿಆರ್‌ಪಿ, ಕೊರಿಯಾದಿಂದ ಹಬ್ಬಿದ ಸಾಲ್ಮನ್ ಮೀನಿನ ಡಿಎನ್‌ಎ ಮದ್ದು ಈಗಿನ ಹೊಸ ಮಾತು. ಇವುಗಳ ಪರವಾಗಿರುವ ಅಧ್ಯಯನಗಳು ಇನ್ನೂ ಚಿಕ್ಕವು.

ಈಗಾಗಲೇ ಫಿಲ್ಲರ್ ಹಾಕಿಸಿಕೊಂಡವರು ಹೆದರಬೇಕಿಲ್ಲ. ಯಾವ ಹೆಸರಿನ ಜೆಲ್, ಎಷ್ಟು, ಯಾವಾಗ ಎಂಬ ಚೀಟಿಯನ್ನು ಕ್ಲಿನಿಕ್ಕಿನಿಂದ ಪಡೆದು ಇಟ್ಟುಕೊಳ್ಳಲಿ. ನೀಲಿಯೋ ಊತವೋ ಕಂಡರೆ ಕಿಣ್ವದಿಂದ ಕರಗಿಸಲು ಸಾಧ್ಯ. ಹಾಕಿಸಿಕೊಳ್ಳಲೇಬೇಕೆಂದವರು ಕೇಳಬೇಕಾದದ್ದು ಮೂರು: ವೈದ್ಯರು ಚರ್ಮರೋಗ ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಸ್ನಾತಕೋತ್ತರ ಪದವಿ ಪಡೆದವರೇ, ಕ್ಲಿನಿಕ್ಕಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇದೆಯೇ, ಹಯಾಲುರೊನಿಡೇಸ್ ಈ ಕ್ಷಣ ಅವರ ಫ್ರಿಜ್ಜಿನಲ್ಲಿದೆಯೇ. ಸೂಜಿ ಹಾಕುವಾಗಲೇ ತೀವ್ರ ನೋವು, ಚರ್ಮ ಬೆಳ್ಳಗಾಗುವುದು, ಕಣ್ಣು ಮಂಜಾಗುವುದು, ಮಾತು ತೊದಲುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಹೊರಡಬೇಕು, ‘ಸಂಜೆಗೆ ಸರಿಹೋಗ್ತದ’ ಎಂದರೂ ಕಾಯಕೂಡದು.