ಕಾಡಿನ ಜಿರಳೆ: ಕೊಳೆತ ಮರದೊಳಗಿನ ಒಂದು ಸಂಸಾರ

ಜಿರಳೆ ಎಂದೊಡನೆ ಮಹಾನಗರವಾಸಿಗಳಾದ ನಮಗೆ ನೆನಪಾಗುವುದು ಅಡುಗೆಮನೆಯ ಮೋರಿ, ಗ್ಯಾಸ್ ಸಿಲಿಂಡರಿನ ಹಿಂದಿನ ಕತ್ತಲು ಮತ್ತು ಔಷಧಿ ಸಿಂಪಡಿಸಲು ಬರುವ ಪೆಸ್ಟ್ ಕಂಟ್ರೋಲ್ ಸಿಬ್ಬಂದಿ. ಆದರೆ ಕೀಟಶಾಸ್ತ್ರಜ್ಞರು ಇದುವರೆಗೆ ಹೆಸರಿಸಿರುವ 4,500ಕ್ಕೂ ಅಧಿಕ ಜಿರಳೆ ಪ್ರಭೇದಗಳಲ್ಲಿ ಮನುಷ್ಯರ ವಸತಿಗಳನ್ನು ಆಶ್ರಯಿಸಿರುವುದು ಸುಮಾರು 30 ಮಾತ್ರ. ಉಳಿದವು ಕಾಡು, ಗುಹೆ, ಹುಲ್ಲುಗಾವಲುಗಳ ನಿವಾಸಿಗಳು. ಅವುಗಳಲ್ಲಿ ಬಹುತೇಕ ಪ್ರಭೇದಗಳಿಗೆ ನಮ್ಮ ಅಡುಗೆಮನೆಯ ಗೊಡವೆಯೇ ಇಲ್ಲ. ಬೆರಳೆಣಿಕೆಯ ಸುಸ್ತಿದಾರರಿಂದಾಗಿ ಇಡೀ ಊರಿಗೇ ಸಾಲ ನಿರಾಕರಿಸಿದಂತೆ ನಾವು ಈ ಸಮಸ್ತ ಕುಲವನ್ನೂ ಹೊಲಸೆಂದು ತಳ್ಳಿಬಿಟ್ಟಿದ್ದೇವೆ.

ಕಾಡಿನ ಜಿರಳೆಗಳ ಪೈಕಿ ವಿಜ್ಞಾನಿಗಳು ವಿಶೇಷ ಆಸ್ಥೆಯಿಂದ ಅಭ್ಯಸಿಸಿರುವುದು ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಪರ್ವತಶ್ರೇಣಿಯ ಮರಜಿರಳೆಯನ್ನು. 1862ರಲ್ಲಿ ಸ್ಯಾಮ್ಯುಯೆಲ್ ಸ್ಕಡರ್ ಇದಕ್ಕೆ ಕ್ರಿಪ್ಟೋಸರ್ಕಸ್ ಪಂಕ್ಟುಲೇಟಸ್ ಎಂದು ನಾಮಕರಣ ಮಾಡಿದರು. ಇದರ ಹತ್ತಿರದ ಬಳಗ ಅಮೆರಿಕದ ಪಶ್ಚಿಮ ಭಾಗದ ಕಾಡುಗಳಲ್ಲಿಯೂ ಚೀನಾ, ಕೊರಿಯಾ ಹಾಗೂ ರಷ್ಯಾದ ಪೂರ್ವತುದಿಯಲ್ಲಿಯೂ ಇದೆ. ಕಪ್ಪುಮಿಶ್ರಿತ ಕಂದು ಬಣ್ಣ, ಗಟ್ಟಿ ಮೈ, ಹೆಚ್ಚುಕಡಿಮೆ ಒಂದು ಅಂಗುಲ ಉದ್ದ; ಗಂಡಿಗಾಗಲಿ ಹೆಣ್ಣಿಗಾಗಲಿ ರೆಕ್ಕೆಗಳಿಲ್ಲ. ಬಿದ್ದು ಕೊಳೆಯುತ್ತಿರುವ ಮರದ ದಿಮ್ಮಿಯೇ ಇದಕ್ಕೆ ಮನೆಯೂ ಹೌದು, ಅನ್ನವೂ ಹೌದು.

ಒಂದು ಗಂಡು, ಒಂದು ಹೆಣ್ಣು ಜೊತೆಗೂಡಿ ದಿಮ್ಮಿಯೊಳಗೆ ಸುರಂಗ ಕೊರೆದು ನೆಲೆಸುತ್ತವೆ. ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಬಾರಿ ಸಂತಾನ. ಹುಟ್ಟುವ ಮರಿಗಳು ಬೆಳ್ಳಗೆ, ಮೃದುವಾಗಿ, ದೃಷ್ಟಿಯಿಲ್ಲದೆ ಇರುತ್ತವೆ. ಸುತ್ತಲೂ ಮರವೇ ತುಂಬಿದ್ದರೂ ಅದನ್ನು ತಾವಾಗಿಯೇ ಜೀರ್ಣಿಸಿಕೊಳ್ಳುವ ಶಕ್ತಿ ಅವಕ್ಕಿರದು. ಮರದ ನಾರನ್ನು ಕರಗಿಸುವ ಕಾರ್ಯದಲ್ಲಿ ಪ್ರಧಾನ ಪಾತ್ರ ವಹಿಸುವುದು ದೊಡ್ಡ ಜಿರಳೆಯ ಹಿಂಗರುಳಿನಲ್ಲಿ ವಾಸಿಸುವ ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳು. ತಂದೆತಾಯಿಗಳ ಹಿಂಗರುಳಿನಿಂದ ಹೊರಬರುವ ದ್ರವವನ್ನು ಮರಿಗಳು ಸೇವಿಸಿ, ಆಹಾರದೊಂದಿಗೆ ಈ ಸೂಕ್ಷ್ಮಜೀವಿಗಳನ್ನೂ ಪಡೆಯುತ್ತವೆ. ಓದುಗರು ಮುಖ ಸಿಂಡರಿಸಬೇಕಾಗಿಲ್ಲ. ಆ ಮರಿಗಳ ಪಾಲಿಗೆ ಅದೇ ಎದೆಹಾಲು. 1980ರ ದಶಕದಿಂದ ಕ್ರಿಸ್ಟೀನ್ ನಲೇಪಾ ನಡೆಸಿದ ಅಧ್ಯಯನಗಳ ಪ್ರಕಾರ ಈ ಪಾಲನೆ 3 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಯುತ್ತದೆ. ಮಕ್ಕಳು ಪ್ರಾಯಕ್ಕೆ ಬರುವುದನ್ನು ಕಾಣುವ ಮುನ್ನವೇ ಹೆತ್ತವರು ಕಣ್ಣು ಮುಚ್ಚುವುದೇ ಹೆಚ್ಚು.

ಇಂತಹುದೇ ಏಕಕೋಶ ಜೀವಿಗಳು, ಇಂತಹುದೇ ಕರುಳಿನ ಕೊಡುಕೊಳೆ ಹಲವು ಜಾತಿಯ ಗೆದ್ದಲುಗಳಲ್ಲಿಯೂ ಉಂಟು. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಆರ್. ಕ್ಲೀವ್‌ಲೆಂಡ್ ಮತ್ತು ಸಹೋದ್ಯೋಗಿಗಳು 1934ರಲ್ಲಿ ಹೊರತಂದ ಬೃಹತ್ ಗ್ರಂಥ ಈ ಸಾಮ್ಯವನ್ನು ವಿಶದವಾಗಿ ನಿರೂಪಿಸಿತ್ತು. 2007ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಸಂಶೋಧಕರು ಡಿಎನ್ಎ ಪರೀಕ್ಷೆಯ ಆಧಾರದಲ್ಲಿ, ಗೆದ್ದಲುಗಳು ಪ್ರತ್ಯೇಕ ಗಣವೇ ಅಲ್ಲ, ಸಂಘಜೀವನಕ್ಕೆ ಒಗ್ಗಿಕೊಂಡ ಜಿರಳೆಗಳು, ಮರಜಿರಳೆಯೇ ಅವುಗಳ ಅತಿ ಸಮೀಪದ ಬಂಧು ಎಂದು ಪ್ರತಿಪಾದಿಸಿದರು. ಈಗ ಅದು ಬಹುಮಟ್ಟಿಗೆ ಸರ್ವಸಮ್ಮತವಾಗಿದೆ. ಅಂದರೆ ನಾಗರಪಂಚಮಿಯಂದು ನಮ್ಮವರು ಹಾಲೆರೆಯುವ ಹುತ್ತವನ್ನು ಕಟ್ಟಿದ್ದು ಜಿರಳೆಯ ವಂಶಸ್ಥರೇ! ಹುತ್ತ ಕಟ್ಟುವ ನಮ್ಮ ಗೆದ್ದಲುಗಳಲ್ಲಿ ಅನೇಕವು ಕರುಳಿನ ಪ್ರೋಟೋಜೋವಾಗಳನ್ನು ಬಿಟ್ಟುಕೊಟ್ಟು, ಹುತ್ತದೊಳಗೆ ಶಿಲೀಂಧ್ರದ ತೋಟ ಬೆಳೆಸುವ ವಿದ್ಯೆ ಕಲಿತಿವೆ. ಮಳೆಗಾಲದಲ್ಲಿ ಮಲೆನಾಡಿಗರು ಆಸೆಪಟ್ಟು ಕಿತ್ತು ತರುವ ಹುತ್ತದ ಅಣಬೆ ಅದೇ ತೋಟದ ಫಸಲು. ನಮ್ಮ ಶಾಖೆಯ ದಾಖಲೆ ಕೊಠಡಿಯಲ್ಲಿ ಹಳೆಯ ಲೆಡ್ಜರುಗಳನ್ನು ಗೆದ್ದಲು ತಿಂದಾಗ ಶಪಿಸಿದ್ದ ನಮಗೆ ಈ ವಂಶಾವಳಿ ತಿಳಿದಿರಲಿಲ್ಲ. ಕಾಗದವೂ ಮರದ ನಾರೇ ಅಲ್ಲವೇ?

ಕಾಡಿಗೆ ಇವುಗಳಿಂದ ಆಗುವ ಉಪಕಾರ ಸಣ್ಣದಲ್ಲ. ಬಿದ್ದ ಮರವನ್ನೂ ತರಗೆಲೆಯನ್ನೂ ತುಂಡರಿಸಿ ಅದರ ಸಾರವನ್ನು ಮರಳಿ ಮಣ್ಣಿಗೆ ಸೇರಿಸುವ ಕೆಲಸದಲ್ಲಿ ಇವೂ ಪಾಲುದಾರರು. ಅನ್ಯ ಜೀವಿಗಳಿಗೆ ಆಹಾರವೂ ಹೌದು. ಅಮೆರಿಕದ ಆಗ್ನೇಯ ಭಾಗದ ಪೈನ್ ಕಾಡುಗಳಲ್ಲಿ ವಾಸಿಸುವ ಒಂದು ಬಗೆಯ ಮರಕುಟಿಗವನ್ನು ಅಲ್ಲಿನ ಸರಕಾರ 1970ರಲ್ಲಿ ಅಳಿವಿನಂಚಿನ ಪಕ್ಷಿಯೆಂದು ಘೋಷಿಸಿತ್ತು. ಬಹುಕಾಲದ ಸಂರಕ್ಷಣೆಯ ಫಲವಾಗಿ 2024ರಲ್ಲಿ ಅದನ್ನು ಕಡಿಮೆ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ಈ ಹಕ್ಕಿ ತನ್ನ ಮರಿಗಳಿಗೆ ತಂದುಣಿಸುವ ಆಹಾರದಲ್ಲಿ ಬಹುದೊಡ್ಡ ಪಾಲು ಪಾರ್ಕೋಬ್ಲಾಟ ಎಂಬ ಇನ್ನೊಂದು ಕುಲದ ಕಾಡುಜಿರಳೆಗಳದ್ದು.

ಇನ್ನು ನಮ್ಮ ನಾಡಿನ ಮಾತು. ದಕ್ಷಿಣ ಭಾರತದ ಕುರುಚಲು ಕಾಡುಗಳಲ್ಲಿ ಕಪ್ಪು ಮೈಮೇಲೆ ಏಳು ಬಿಳಿ ಚುಕ್ಕೆಗಳುಳ್ಳ, ಗುಂಡನೆಯ ಒಂದು ಸುಂದರ ಜಿರಳೆಯಿದೆ. ಥೀರಿಯಾ ಪೆಟಿವೆರಿಯಾನ ಎಂಬುದು ಅದರ ಶಾಸ್ತ್ರೀಯ ನಾಮ. 1758ರಲ್ಲಿಯೇ ಲಿನೇಯಸ್ ಅದನ್ನು ದಾಖಲಿಸಿದ್ದನು. ಡಾಮಿನೋ ಆಟದ ಬಿಲ್ಲೆಯನ್ನು ಹೋಲುವುದರಿಂದ ವಿದೇಶಗಳಲ್ಲಿ ಡಾಮಿನೋ ಜಿರಳೆ ಎಂದೇ ಪ್ರಸಿದ್ಧಿ. ಅಲ್ಲಿ ಇದನ್ನು ಗಾಜಿನ ಪೆಟ್ಟಿಗೆಗಳಲ್ಲಿ ಅಕ್ಕರೆಯಿಂದ ಸಾಕುವವರೂ ಇದ್ದಾರೆ. ಅದೇ ಪರಿಸರದಲ್ಲಿರುವ, ಶತ್ರುವಿನ ಮೇಲೆ ಸುಡುವ ಆಮ್ಲ ಚಿಮ್ಮಿಸುವ ಆರು ಚುಕ್ಕೆಯ ನೆಲದ ಜೀರುಂಡೆಯ ವೇಷವನ್ನು ಇದು ಧರಿಸಿದೆ ಎಂಬುದು ವಿಜ್ಞಾನಿಗಳ ಊಹೆ. ವೇಷಗಾರನ ಬಣ್ಣ ಕಂಡೇ ಪಕ್ಷಿಗಳು ಹಿಂಜರಿಯಬಹುದು.

ಇದರ ಮರಿಗಳು ಬೆಳೆಯುವುದು ಪೊದೆಗಳ ನೆರಳಿನ ಸಡಿಲ ಮಣ್ಣಿನಲ್ಲಿ, ತರಗೆಲೆಯ ಹಾಸಿನ ಅಡಿಯಲ್ಲಿ. ಆದರೆ ಕುರುಚಲು ಕಾಡೆಂದರೆ ನಮ್ಮ ಲೆಕ್ಕದಲ್ಲಿ ಪಾಳುಭೂಮಿ. ದಟ್ಟ ಅರಣ್ಯಕ್ಕಾಗಿ ದನಿಯೆತ್ತುವವರುಂಟು; ಬಯಲುಸೀಮೆಯ ಕಾರೆ, ಕವಳಿ, ಜಾಲಿಯ ಪೊದೆಗಳನ್ನು ಸವರಿ ಬಡಾವಣೆಯ ಕಲ್ಲು ನೆಡುವಾಗ ಕೇಳುವವರಿಲ್ಲ. ಉಳಿದ ತುಣುಕುಗಳಲ್ಲಿಯೂ ಬೇಸಿಗೆ ಬಂತೆಂದರೆ ತರಗೆಲೆಗೆ ಬೆಂಕಿ ಬೀಳುತ್ತದೆ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಊರಾಚೆಯ ಕುರುಚಲು ಇನ್ನೂ ಉಳಿದಿದ್ದರೆ, ಓದುಗರು ಮಕ್ಕಳೊಡನೆ ಮುಸ್ಸಂಜೆಯ ಹೊತ್ತು ಅಲ್ಲಿ ನಿಂತು ನೋಡಬಹುದು. ಹಗಲಿಡೀ ಮಣ್ಣಿನಲ್ಲಿ ಅಡಗಿದ್ದ ಈ ಏಳು ಚುಕ್ಕೆಯ ಜಿರಳೆ ಹೊರಬರುವುದು ಆ ಹೊತ್ತಿಗೇ.